ವಾರಕ್ಕೆ ಐದು ನಿಮಿಷ

ನಾಲ್ಕು ವರ್ಷದ ಮೇಲೆ ನಿಂತೇ ಇದ್ದ ಕಾರನ್ನು ಎಬ್ಬಿಸಲು ಎಷ್ಟಾಗುತ್ತದೆ ಎಂದು ಅತ್ತಿಗೆ ಫೋನಿನಲ್ಲಿ ಕೇಳಿದಾಗ ನಾನು ಬಾಯಿಲೆಕ್ಕದಲ್ಲೇ ಹೇಳಿದೆ. ಹೊಸ ಬ್ಯಾಟರಿ ನಾಲ್ಕು ಸಾವಿರದ ಇನ್ನೂರು, ಹಳೆಯದನ್ನು ಕೊಟ್ಟರೆ ಆರುನೂರು ಕಡಿಮೆ. ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಸೇರಿ ಎರಡು ಸಾವಿರ. ನಾಲ್ಕು ಪ್ಲಗ್ಗಿಗೆ ಎಂಟುನೂರು. ಟೈರು ಗಾಳಿ ಹಿಡಿದರೆ ಖರ್ಚಿಲ್ಲ, ಹಿಡಿಯದಿದ್ದರೆ ನನ್ನ ಅಂಗಡಿಯಲ್ಲಿ ಹಳೆಯವು ಎರಡು ಬಿದ್ದಿವೆ. ಬ್ರೇಕಿನದು ಬಿಚ್ಚಿ ನೋಡಿ ಹೇಳಬೇಕು. ನನ್ನ ಕೂಲಿ ಕೊಟ್ಟಾಗ ಕೊಟ್ಟರಾಯಿತು. ಏನೇ ಅಂದರೂ ಎಂಟು ಸಾವಿರ ದಾಟಬಾರದು. ಅತ್ತಿಗೆ ಲಾಂಡ್ರಿಯಲ್ಲಿ ಇಡೀ ದಿನ ನಿಂತು ಇಸ್ತ್ರಿ ಮಾಡಿ ತಿಂಗಳಿಗೆ ತರುವುದು ಒಂಬತ್ತು ಸಾವಿರ. ಆದರೂ ಅವರು ಎರಡನೆಯ ಮಾತಾಡಲಿಲ್ಲ. "ಆಗ್ಲಿ ಮೇಸ್ತ್ರಿಯವರೇ, ಗುರುವಾರ ಬೆಳಿಗ್ಗೇನೇ ಬಂದುಬಿಡಿ" ಎಂದರು.

ಅತ್ತಿಗೆ ಎಂದರೆ ನೆಂಟಸ್ತಿಕೆಯಲ್ಲಿ ಅಲ್ಲ. ಅವರ ಗಂಡ ಇಪ್ಪತ್ತು ವರ್ಷ ಬಾಡಿಗೆ ಕಾರು ಓಡಿಸಿದವರು, ಅಷ್ಟೂ ವರ್ಷ ಗಾಡಿಯನ್ನು ನನ್ನ ಕೈಗೇ ಕೊಟ್ಟವರು. ನನಗಿಂತ ಆರೇಳು ವರ್ಷ ದೊಡ್ಡವರಾದ್ದರಿಂದ ಅಣ್ಣ ಎನ್ನುತ್ತಿದ್ದೆ. ಊರೆಲ್ಲ ಅವರನ್ನು ಕರೆಯುತ್ತಿದ್ದದ್ದು ನಿಧಾನಣ್ಣ ಎಂದು. ನಲವತ್ತರ ಮೇಲೆ ಸ್ಪೀಡಿನ ಮುಳ್ಳು ಹೋಗಲು ಬಿಟ್ಟವರಲ್ಲ. "ನಿಮ್ಮ ಹಿಂದೆ ಸೈಕಲ್‌ನವರು ಬೆಲ್ ಹೊಡೆದು ದಾರಿ ಕೇಳ್ತಾರಂತೆ" ಎಂದು ನಾವು ರೇಗಿಸಿದರೆ, "ಬೇಗ ಹೋಗೋರೆಲ್ಲ ಕೊನೇಗೆ ನಿನ್ನ ಅಂಗಡಿಗೇ ತಾನೇ ಬರೋದು" ಎನ್ನುತ್ತಿದ್ದರು. ಅಷ್ಟು ನಿಧಾನದ ಮನುಷ್ಯ ಒಂದು ಬೆಳಿಗ್ಗೆ ಕಾರು ಒರೆಸುತ್ತಿದ್ದಾಗ ಬಟ್ಟೆ ಹಿಡಿದ ಕೈಯಲ್ಲೇ ಕುಸಿದರು. ಬಲಗೈ, ಬಲಗಾಲು, ಅರ್ಧ ನಾಲಿಗೆ ಹೋದವು. ಅಂದಿನಿಂದ ಅವರು ಮಂಚದ ಮೇಲೆ, ಕಾರು ಶೆಡ್ಡಿನಲ್ಲಿ.

ಈಗ ಕಾರು ಏಕೆ ಬೇಕಾಯಿತು ಎನ್ನುವುದನ್ನು ಹೇಳಬೇಕು. ಅತ್ತಿಗೆ ಬೆಳಿಗ್ಗೆ ಆರೂವರೆಗೆ ಮನೆ ಬಿಟ್ಟರೆ ಬರುವುದು ಸಂಜೆ ಏಳಕ್ಕೆ. ಅಷ್ಟು ಹೊತ್ತೂ ನಿಧಾನಣ್ಣ ಒಬ್ಬರೇ. ಮಂಚದ ತಲೆಗೆ ಕಟ್ಟಿದ ನೀರಿನ ಬಾಟಲಿಯಿಂದ ಒಂದು ಸಣ್ಣ ಪೈಪು ಬಾಯಿಯ ಹತ್ತಿರಕ್ಕೆ ಬರುತ್ತದೆ. ಎಡಗೈಗೆ ಎಟಕುವ ಹಾಗೆ ಸ್ಟೂಲಿನ ಮೇಲೆ ಬಿಸ್ಕತ್ತಿನ ಡಬ್ಬಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ನರ್ಸು ಹೇಳಿದ್ದಾಳೆ. ಬದಲಿಸುವವರು ಯಾರು? ಸೊಂಟದ ಕೆಳಗೆ ಎರಡು ಕಡೆ ಹುಣ್ಣಾಗಿ, ಒಂದು ಬೆರಳು ತೂರುವಷ್ಟು ಆಳವಾಗಿತ್ತು. ಹೀಗಿರುವಾಗ ಹತ್ತಿರದ ಶಾಲೆಯವರು ಹನ್ನೊಂದು ಮಕ್ಕಳನ್ನು ಎರಡು ಟ್ರಿಪ್ಪಿನಲ್ಲಿ ಕರೆತರಲು, ಬಿಡಲು ಒಂದು ಕಾರು ಹುಡುಕುತ್ತಿದ್ದರು. ಬೆಳಿಗ್ಗೆ ಏಳರಿಂದ ಒಂಬತ್ತು, ಮಧ್ಯಾಹ್ನ ಮೂರರಿಂದ ಐದು. ಇಸ್ತ್ರಿಯಷ್ಟೇ ಸಂಬಳ, ನಡುವಿನ ಆರು ಗಂಟೆ ಮನೆಯಲ್ಲಿ. ಅತ್ತಿಗೆ ಅದಕ್ಕಾಗಿಯೇ ನಲವತ್ತಾರನೆಯ ವಯಸ್ಸಿನಲ್ಲಿ, ನಸುಕಿನಲ್ಲೆದ್ದು ಡ್ರೈವಿಂಗ್ ಕ್ಲಾಸಿಗೆ ಹೋಗಿ, ಎರಡು ಸಲ ಫೇಲಾಗಿ ಮೂರನೆಯ ಸಲ ಲೈಸೆನ್ಸ್ ತೆಗೆದರು. ಸೋಮವಾರದಿಂದ ಕೆಲಸ. ಶನಿವಾರ ನಾಲ್ಕು ಗಂಟೆಗೆ ಶಾಲೆಯ ಗುಮಾಸ್ತ ಗಾಡಿ ನೋಡಲು ಬರುತ್ತೇನೆಂದಿದ್ದ. ಲಾಂಡ್ರಿಯ ಮಾಲೀಕನಿಗೆ ಇನ್ನು ಬರುವುದಿಲ್ಲವೆಂದು ಹೇಳಿಯೂ ಆಗಿತ್ತು.

ಗುರುವಾರ ನಾನು ಹೋದಾಗ ಅತ್ತಿಗೆ ಕಾರಿನ ಹೊದಿಕೆ ತೆಗೆದು ಮಡಿಸುತ್ತಿದ್ದರು. ತಗಡಿನ ಶೆಡ್ಡು, ಮೂರು ಕಡೆ ಗೋಡೆ. ಒಂದು ಗೋಡೆಯಲ್ಲಿ ಮಲಗುವ ಕೋಣೆಯ ಕಿಟಕಿ. ಕಿಟಕಿಗೆ ತಾಗಿದಂತೆ ನಿಧಾನಣ್ಣನ ಮಂಚ. ಕಾರು ಹೊರಗಿನಿಂದ ಕನ್ನಡಿಯ ಹಾಗಿತ್ತು. ನಿಂತ ಗಾಡಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಳಗೆ ಇಲಿ ಸಂಸಾರ ಹೂಡಿರುತ್ತದೆ, ಸೀಟಿನ ಮೇಲೆ ಬೂಷ್ಟು ಬಂದಿರುತ್ತದೆ. ಇದರಲ್ಲಿ ಧೂಳೂ ಇರಲಿಲ್ಲ.

"ಎಷ್ಟು ದಿನ ಆಯ್ತು ಸ್ಟಾರ್ಟ್ ಆಗದೆ?"

"ಮೂರು ತಿಂಗಳು. ಅಲ್ಲೀವರೆಗೂ ವಾರಕ್ಕೊಂದ್ಸಲ ಮಾಡಿದ್ರೆ ಆಗ್ತಿತ್ತು. ಕಡೇ ಎರಡು ವಾರ ಮುಲುಕಾಡ್ಕೊಂಡು ಆಯ್ತು. ಆಮೇಲೆ ಲೈಟೂ ಬರ್ಲಿಲ್ಲ."

"ಬ್ಯಾಟರಿ ಸತ್ತಿದೆ, ಅಷ್ಟೇ" ಎಂದೆ. ನಿಜಕ್ಕೂ ಹಾಗೇ ಅಂದುಕೊಂಡಿದ್ದೆ. ನಿಂತ ಗಾಡಿಗೆ ಹತ್ತರಲ್ಲಿ ಎಂಟು ಸಲ ಬ್ಯಾಟರಿಯೇ ಕಾಯಿಲೆ.

ಕಿಟಕಿಯಲ್ಲಿ ಎಡಗೈ ಮೇಲೆದ್ದಿತು. "ಮೇತ್ರಿ" ಎಂದರು ನಿಧಾನಣ್ಣ. ನಾನು ಸರಳಿನೊಳಗೆ ಕೈ ತೂರಿಸಿ ಆ ಕೈ ಹಿಡಿದುಕೊಂಡೆ. ಮುಖದ ಅರ್ಧ ಭಾಗ ನಕ್ಕಿತು.

ಕಾಂಪೌಂಡಿನ ಆಚೆ ನಿವೃತ್ತ ಬಸ್ ಕಂಡಕ್ಟರ್ ಒಬ್ಬರ ಮನೆ. ನಾನು ಬಾನೆಟ್ ಎತ್ತುವುದಕ್ಕೂ ಅವರ ತಲೆ ಗೋಡೆಯ ಮೇಲೆ ಏಳುವುದಕ್ಕೂ ಸರಿಹೋಯಿತು.

"ಬ್ಯಾಟರಿ ವೀಕು" ಎಂದರು.

"ಹೊಸದು ತಂದಿದೀನಿ ಸ್ವಾಮಿ."

"ಈಗ ಹೊಸದೇ ವೀಕು ಬರ್ತವೆ. ತಳ್ಳಿ ಸ್ಟಾರ್ಟ್ ಮಾಡು. ಮೂವತ್ತು ವರ್ಷ ಎಂಜಿನ್ ಪಕ್ಕ ನಿಂತವನು ನಾನು."

"ನಿಂತಿದ್ದು ಟಿಕೆಟ್ ಹರಿಯೋಕಲ್ವಾ?" ಎಂದರು ಅತ್ತಿಗೆ.

"ಟಿಕೆಟ್ ಹರೀತಾ ಹರೀತಾ ಕಿವಿ ಮುಚ್ಕೊಂಡಿದ್ನೇನಮ್ಮಾ? ನೋಡ್ತಿರು, ಕೊನೇಗೆ ಮೇಸ್ತ್ರಿ ತಳ್ಳೇ ತಳ್ತಾನೆ."

ಹೊಸ ಬ್ಯಾಟರಿ ಕೂರಿಸಿ ಕೀಲಿ ತಿರುಗಿಸಿದೆ. ದೀಪಗಳೆಲ್ಲ ಬಂದವು. ಇನ್ನೊಂದು ತಿರುವು ಕೊಟ್ಟಾಗ 'ಟಕ್' ಎಂಬ ಒಂದೇ ಸದ್ದು. ಮತ್ತೆ ತಿರುಗಿಸಿದರೆ ಮತ್ತೆ ಟಕ್. ಹೆಡ್‌ಲೈಟ್ ಹಾಕಿ, ಅತ್ತಿಗೆಯನ್ನು ಮುಂದೆ ನಿಲ್ಲಿಸಿ, ಇನ್ನೊಮ್ಮೆ ನೋಡಿದೆ. "ಮಂಕಾಯ್ತು" ಎಂದರು. ಮಂಕಾಯಿತೆಂದರೆ ಕರೆಂಟು ಹೋಗುತ್ತಿದೆ ಎಂದರ್ಥ. ಹೋದ ಕರೆಂಟು ಏನನ್ನೋ ತಿರುಗಿಸಲು ಹೆಣಗುತ್ತಿದೆ, ಅದು ತಿರುಗುತ್ತಿಲ್ಲ. ವೈರಿನ ತುದಿಗಳನ್ನು ಉಜ್ಜಿ ಬೆಳ್ಳಗೆ ಮಾಡಿದೆ. ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರಿಗೆ ಸುತ್ತಿಗೆಯ ಹಿಡಿಯಿಂದ ನಾಲ್ಕು ಪೆಟ್ಟು ಕೊಟ್ಟೆ. ಟಕ್.

"ಸ್ಟಾರ್ಟರ್ ಹಿಡ್ಕೊಂಡಿದೆ ಅನ್ಸತ್ತೆ. ಬಿಚ್ಚಿ ನೋಡೋಣ" ಎಂದೆ. ಬಾಯಲ್ಲಿ ಅಂದದ್ದಷ್ಟೇ ಅಲ್ಲ, ಸ್ಟಾರ್ಟರೇ ಕೆಟ್ಟಿರಲಿ ಎಂದು ಮನಸ್ಸಿನಲ್ಲೂ ಬೇಡಿಕೊಂಡೆ. ಅದು ಎರಡು ಸಾವಿರದ ಕಾಯಿಲೆ.

ಕಾರಿನ ಕೆಳಗೆ ಮಲಗಿ ಮುಕ್ಕಾಲು ಗಂಟೆ ಗುದ್ದಾಡಿ ಅದನ್ನು ಬಿಚ್ಚಿ ತಂದೆ. ನೆಲದ ಮೇಲಿಟ್ಟು ಕಾಲಿನಿಂದ ಅದುಮಿಕೊಂಡು ಬ್ಯಾಟರಿಯ ವೈರು ಮುಟ್ಟಿಸಿದೆ. ಜುಂಯ್ ಎಂದು ತಿರುಗಿತು. ಕಾಲಿನ ಕೆಳಗಿಂದ ತಪ್ಪಿಸಿಕೊಂಡು ಹೋಗುವಷ್ಟು ಜೋರಾಗಿ ತಿರುಗಿತು.

"ತಿರುಗ್ತು ನೋಡಿ" ಎಂದು ಅತ್ತಿಗೆ ಖುಷಿಯಿಂದ ಕಿಟಕಿಯ ಕಡೆ ಹೇಳಿದರು.

ಸ್ಟಾರ್ಟರ್ ಚೆನ್ನಾಗಿದೆ ಎನ್ನುವುದೇ ಕೆಟ್ಟ ಸುದ್ದಿ ಎಂದು ಅವರಿಗೆ ಹೇಗೆ ಹೇಳುವುದು? ನಾನು ಎಂಜಿನ್ನಿನ ಮುಂಭಾಗದ ದೊಡ್ಡ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಿಂದಲೇ ತಿರುಗಿಸಲು ನೋಡಿದೆ. ಒಳ್ಳೆಯ ಎಂಜಿನ್ನಾದರೆ ಬಾವಿಯ ಗಾಲಿಯ ಹಾಗೆ, ಭಾರವಾಗಿಯಾದರೂ ಬರುತ್ತದೆ. ಇದು ಬಂಡೆಯ ಹಾಗಿತ್ತು. ಗೇರಿನಲ್ಲಿಟ್ಟು ಕಾರನ್ನು ಹಿಂದೆ ಮುಂದೆ ತಳ್ಳಿದೆವು; ಒಂದು ಅಂಗುಲ ಹೋಗಿ ಗಕ್ಕನೆ ನಿಂತಿತು.

"ನಾನು ಹೇಳಿದ್ನಲ್ಲ, ತಳ್ತಾನೆ ಅಂತ" ಎಂದರು ಗೋಡೆಯ ಮೇಲಿನ ಕಂಡಕ್ಟರು.

ಪ್ಲಗ್ಗುಗಳನ್ನು ಬಿಚ್ಚಿದೆ. ಒಂದನೆಯದು, ನಾಲ್ಕನೆಯದು ಮಸಿ ಹಿಡಿದು ಕಪ್ಪಾಗಿದ್ದವು, ಪರವಾಗಿಲ್ಲ. ಎರಡು, ಮೂರರ ತುದಿ ಕೆಂಪಗೆ ತುಕ್ಕು ಹಿಡಿದಿತ್ತು. ಆಯಿಲ್ ಹಾಕುವ ಮುಚ್ಚಳ ತೆಗೆದು ತಿರುವಿದೆ. ಒಳಗೆ ಬೆಣ್ಣೆಯ ಹಾಗೆ ಹಳದಿ ಬಿಳುಪಿನ ಕೆನೆ, ಬೆರಳಿನಿಂದ ಬಳಿದು ತೆಗೆಯುವಷ್ಟು. ಆಯಿಲ್ ಅಳೆಯುವ ಕಡ್ಡಿ ಎಳೆದೆ. ಹಾಲು ಹಾಕಿದ ಚಹಾದ ಬಣ್ಣ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಆಯಿಲಿಗೆ ನೀರು ಸೇರಿದೆ.

ತಟ್ಟೆಯಿಟ್ಟು ಕೆಳಗಿನ ಬೋಲ್ಟ್ ಬಿಚ್ಚಿದಾಗ ಮೊದಲು ಬಂದದ್ದು ನೀರೇ, ಎರಡು ಲೋಟದಷ್ಟು. ಆಮೇಲೆ ಬೂದು ಬಣ್ಣದ ಲೋಳೆ ಬಿಟ್ಟು ಬಿಟ್ಟು ಬಿತ್ತು. ರೇಡಿಯೇಟರಿನ ನೀರು ಸೋರಿ ಒಳಗೆ ಬಂದಿರಬಹುದೆಂದು ಅದರ ಮುಚ್ಚಳ ತೆಗೆದು ನೋಡಿದೆ. ಕಂಠಮಟ್ಟ ತುಂಬಿತ್ತು, ಹನಿ ಕಡಿಮೆಯಾಗಿರಲಿಲ್ಲ. ಹಾಗಾದರೆ ಇಷ್ಟು ನೀರು ಬಂದದ್ದೆಲ್ಲಿಂದ?

"ಅತ್ತಿಗೆ, ವಾರಕ್ಕೊಂದು ಸಲ ಸ್ಟಾರ್ಟ್ ಮಾಡ್ತಿದ್ರಿ ಅಂದ್ರಲ್ಲ. ಎಷ್ಟೊತ್ತು ಬಿಡ್ತಿದ್ರಿ?"

"ಐದು ನಿಮಿಷ."

"ಸರಿಯಾಗಿ ಐದು?"

"ಗಡಿಯಾರ ನೋಡ್ಕೊಂಡು. ಬನ್ನಿ ಇಲ್ಲಿ."

ಅವರು ಅಡುಗೆಕೋಣೆಯ ಬಾಗಿಲ ಹಿಂದೆ ನೇತುಹಾಕಿದ್ದ ಕ್ಯಾಲೆಂಡರುಗಳನ್ನು ತೋರಿಸಿದರು. ಒಂದರ ಹಿಂದೆ ಒಂದು, ಐದು ವರ್ಷದವು. ಪ್ರತಿ ಭಾನುವಾರಕ್ಕೂ ಒಂದು ಸಣ್ಣ ಗೀಟು. ಬ್ಯಾಟರಿ ಸಾಯುವ ತನಕ ಒಂದು ವಾರವೂ ತಪ್ಪಿರಲಿಲ್ಲ. ಜ್ವರ ಬಂದ ವಾರ ಗೀಟು ಸೊಟ್ಟಗಿತ್ತು, ಅಷ್ಟೇ.

"ಪೆಟ್ರೋಲು ಮುಗೀತಾ ಬಂದ್ರೆ ಬಾಟಲಿಯಲ್ಲಿ ತಂದು ಹಾಕ್ತಿದ್ದೆ. ನಿಮ್ಮಣ್ಣನೂ ಭಾನುವಾರ ಅಂದ್ರೆ ಬೆಳಿಗ್ಗೆಯಿಂದ ಕಿಟಕಿ ಕಡೆ ಮುಖ ಮಾಡ್ಕೊಂಡಿರ್ತಿದ್ರು. ಒಂದ್ಸಲ ಆರು ನಿಮಿಷ ಆಗೋಯ್ತು, ಹಾಲು ಉಕ್ತು ಅಂತ ಒಳಗೆ ಹೋಗಿದ್ದೆ. ಇನ್ನೆಲ್ಲಾ ಐದೇ. ನೀವು ಹೇಳಿದ್ರಲ್ಲ."

"ನಾನಾ?"

"ಮತ್ತೆ? ಆಸ್ಪತ್ರೆಯಿಂದ ಇವರನ್ನ ಕರ್ಕೊಂಡು ಬಂದ ದಿನ. ಕಾರು ಮಾರಿಬಿಡ್ಲಾ ಅಂತ ಕೇಳ್ದೆ. ಮಾರ್ಬೇಡಿ, ವಾರಕ್ಕೊಂದ್ಸಲ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಡಿ, ಏನೂ ಆಗಲ್ಲ ಅಂದ್ರಿ."

ನನಗೆ ಮರೆತೇ ಹೋಗಿತ್ತು. ಅವರು ಹೇಳಿದ ಮೇಲೆ ನೆನಪಾಯಿತು. ಗೇಟಿನ ಹತ್ತಿರ, ಒಂದು ಕಾಲು ಸ್ಕೂಟರಿನ ಕಿಕ್ಕರಿನ ಮೇಲೆ. ಅಂಗಡಿಯಲ್ಲಿ ಇನ್ನೊಬ್ಬ ಗಿರಾಕಿ ಕಾಯುತ್ತಿದ್ದ. ಇಂಥ ಮಾತನ್ನು ನಾನು ನೂರು ಜನಕ್ಕೆ ಹೇಳಿದ್ದೇನೆ. ಗಂಡಸರು ಕೇಳಿ ತಲೆಯಾಡಿಸುತ್ತಾರೆ, ಹತ್ತು ವಾರ ಮರೆಯುತ್ತಾರೆ, ಹನ್ನೊಂದನೆಯ ವಾರ ಸ್ಟಾರ್ಟ್ ಮಾಡಿ, ಹೇಗೂ ಆಯಿತಲ್ಲ ಎಂದು ಪೇಟೆಯವರೆಗೆ ಒಂದು ಸುತ್ತು ಹೋಗಿ ಬರುತ್ತಾರೆ. ಎಂಜಿನ್ ಕಾಯುತ್ತದೆ, ಒಳಗಿನ ತೇವವೆಲ್ಲ ಆವಿಯಾಗಿ ಹೋಗುತ್ತದೆ. ಅತ್ತಿಗೆಗೆ ಆಗ ಓಡಿಸಲು ಬರುತ್ತಿರಲಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ಐದು ನಿಮಿಷದಲ್ಲಿ ಎಂಜಿನ್ ಬೆಚ್ಚಗಾಗುತ್ತದೆಯೇ ಹೊರತು ಕಾಯುವುದಿಲ್ಲ. ತಣ್ಣಗಿನ ಪಾತ್ರೆಯ ಮುಚ್ಚಳಕ್ಕೆ ಬೆವರು ಬಂದ ಹಾಗೆ ಒಳಗೆ ನೀರು ಹನಿಯುತ್ತದೆ, ಆರುವ ಮೊದಲೇ ಎಂಜಿನ್ ನಿಲ್ಲುತ್ತದೆ. ವಾರಕ್ಕೆ ಒಂದು ಚಮಚವೆಂದು ಇಟ್ಟುಕೊಳ್ಳಿ, ನಾಲ್ಕು ವರ್ಷದಲ್ಲಿ ಇನ್ನೂರು ಚಮಚ. ಸುಮ್ಮನೆ ಮುಚ್ಚಿಟ್ಟಿದ್ದರೂ ಆ ಕಾರು ಇದಕ್ಕಿಂತ ಚೆನ್ನಾಗಿರುತ್ತಿತ್ತು.

"ನೀರು ಎಲ್ಲಿಂದ ಬಂತಂತೆ?" ಎಂದು ಅತ್ತಿಗೆ ಕೇಳಿದರು.

"ಹಳೇ ಗಾಡಿ. ಎಲ್ಲೋ ಸಂದು ಬಿಟ್ಟಿರತ್ತೆ" ಎಂದೆ.

ಅವರ ಮುಂದೆ ನಾನು ಹೇಳಿದ ಸುಳ್ಳು ಅದೊಂದೇ. ನಾಳಿದ್ದು ಗಾಡಿ ಎದ್ದು ನಿಂತರೆ ಈ ಮಾತೇ ಬರುವುದಿಲ್ಲ ಎಂಬ ಆಸೆಯಿಂದ ಹೇಳಿದೆ. ನಾಲ್ಕೂ ಸಿಲಿಂಡರಿಗೆ ಪ್ಲಗ್ಗಿನ ತೂತಿನಿಂದ ಡೀಸೆಲ್ಲು, ತೆಳು ಎಣ್ಣೆ ಬೆರೆಸಿ ಹೊಯ್ದೆ. ತುಕ್ಕು ನೆನೆದು ಬಿಟ್ಟರೆ ಪುಣ್ಯ. ಅಷ್ಟು ಮಾಡಿ ಅಂಗಡಿಗೆ ಹೋದೆ.

ಶುಕ್ರವಾರ ಬೆಳಿಗ್ಗೆ ನೋಡಿದೆ, ಅಲ್ಲಾಡಲಿಲ್ಲ. ಇನ್ನಷ್ಟು ಎಣ್ಣೆ ಹೊಯ್ದೆ. ಕಾಯುವುದು ಬಿಟ್ಟು ಬೇರೆ ಕೆಲಸವಿರಲಿಲ್ಲ. ಅತ್ತಿಗೆ ಬ್ರೆಡ್ಡು ತರಲು ಹೋದರು. ನಾನು ಒಳಗೆ ಹೋಗಿ ನಿಧಾನಣ್ಣನ ಹತ್ತಿರ ಕುಳಿತೆ. ಮಗ್ಗುಲು ಬದಲಿಸಲು ಕೈ ಕೊಟ್ಟೆ. ಹುಣ್ಣು ನೋಡಿದ್ದು ಆಗಲೇ.

ಅವರು ಏನೋ ಕೇಳಿದರು. ಎರಡನೆಯ ಸಲಕ್ಕೆ ತಿಳಿಯಿತು.

"ಆಯಿಲ್... ಬಣ್ಣ?"

ಇಪ್ಪತ್ತು ವರ್ಷ ಗಾಡಿಯ ಜೊತೆ ಬಾಳಿದವರಿಗೆ ಬೇರೆ ಪ್ರಶ್ನೆ ಬೇಕಾಗಲಿಲ್ಲ.

"ಕಪ್ಪು. ಹಳೇ ಆಯಿಲ್ ಅಲ್ವಾ, ಕಪ್ಪಾಗಿದೆ" ಎಂದೆ.

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಬೆರಳುಗಳನ್ನು ನೋಡಿದರು. ಉಗುರಿನ ಸಂದಿಯಲ್ಲಿ ಆ ಬಿಳಿ ಕೆನೆ ಇನ್ನೂ ಅಂಟಿಕೊಂಡಿತ್ತು. ಅವರು ಕಣ್ಣು ಮುಚ್ಚಿದರು.

ಸಂಜೆ ನಾಲ್ಕೂವರೆ ಹೊತ್ತಿಗೆ ಸ್ಪ್ಯಾನರಿಗೆ ಆಳೆತ್ತರದ ಪೈಪು ತೊಡಿಸಿ, ನಾನು ಒಂದು ಕಡೆ, ಅತ್ತಿಗೆ ಒಂದು ಕಡೆ ಜೋತುಬಿದ್ದೆವು. 'ಕಟ್' ಎಂದಿತು. ಬೋಲ್ಟೇ ಮುರಿಯಿತೆಂದುಕೊಂಡೆ. ಮುರಿದಿರಲಿಲ್ಲ. ಎರಡು ಬೆರಳಷ್ಟು ತಿರುಗಿತ್ತು.

"ಬಂತು, ರೀ, ಬಂತು" ಎಂದು ಅತ್ತಿಗೆ ಕಿಟಕಿಗೆ ಹೇಳಿದರು. ಮುಖವೆಲ್ಲ ಎಣ್ಣೆ. "ಗುಮಾಸ್ತ ಬರೋವಾಗ ಯಾವ ಸೀರೆ ಉಡೋದು ಅಂತ ಈಗ ಯೋಚನೆ ಮಾಡ್ಬೇಕು."

"ಎಮ್ಮೆ ಇನ್ನೂ ನೀರಲ್ಲಿದೆ ಕಣಮ್ಮಾ, ಈಗಲೇ ಹಾಲಿನ ಲೆಕ್ಕ ಹಾಕ್ಬೇಡ" ಎಂದರು ಕಂಡಕ್ಟರು.

"ನಿಮ್ಮ ಬಾಯಿಗಿಷ್ಟು ಡೀಸೆಲ್ ಹಾಕ್ಬೇಕು" ಎಂದರು ಅತ್ತಿಗೆ. ಕಂಡಕ್ಟರೂ ನಕ್ಕರು. ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ನಗು ಕೇಳಿದ್ದು ನಾನು ಅವತ್ತೇ.

ಶನಿವಾರ ಹತ್ತು ಗಂಟೆಯ ಹೊತ್ತಿಗೆ ಎಂಜಿನ್ ಪೂರ್ತಿ ಒಂದು ಸುತ್ತು ಬಂತು. ಬರುವಾಗ ಒಳಗೆ ಬೀಸುಕಲ್ಲಿನಲ್ಲಿ ಮರಳು ಬೀಸಿದ ಹಾಗೆ ಸದ್ದಾಯಿತು. ಆ ಸದ್ದು ಬಂದಾಗಲೇ ನಾನು ಆಸೆ ಬಿಟ್ಟೆ. ಆದರೂ ಸ್ಟಾರ್ಟರ್ ಕೂರಿಸಿದೆ, ಹೊಸ ಆಯಿಲ್ ತುಂಬಿದೆ, ಹೊಸ ಪ್ಲಗ್ ಹಾಕಿದೆ. ಹಾಕುವ ಮೊದಲು ಸಿಲಿಂಡರಿನ ಒತ್ತಡ ಅಳೆದೆ. ಒಂದು, ನಾಲ್ಕು ಪರವಾಗಿಲ್ಲ. ಎರಡರಲ್ಲಿ ಏನೂ ಇಲ್ಲ, ಮೂರರಲ್ಲಿ ಏನೂ ಇಲ್ಲ. ಆ ಎರಡರೊಳಗೆ ತುಕ್ಕು ತಿಂದು ಪಿಸ್ಟನ್ನಿನ ಉಂಗುರಗಳು ಮುರಿದಿದ್ದವು. ನಾಲ್ಕು ಕಾಲಿನ ಮಂಚಕ್ಕೆ ಎರಡೇ ಕಾಲು.

"ಅತ್ತಿಗೆ, ಆಸೆ ಇಟ್ಕೋಬೇಡಿ. ನೋಡ್ತೀನಿ" ಎಂದೆ.

"ನೋಡಿ."

ಕೀಲಿ ತಿರುಗಿಸಿದೆ. ತಿರುಗಿತು, ತಿರುಗಿತು, ಕೆಮ್ಮಿತು. ಮತ್ತೊಮ್ಮೆ. ಮೂರನೆಯ ಸಲ ಹಿಡಿದುಕೊಂಡಿತು. ಕಾರಿಗೆ ಕಾರೇ ಚಳಿ ಹಿಡಿದ ಹಾಗೆ ನಡುಗತೊಡಗಿತು. ಶೆಡ್ಡು ತುಂಬ ಬಿಳಿ ಹೊಗೆ. ಅತ್ತಿಗೆ ಎರಡೂ ಕೈಯನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಹತ್ತು ಸೆಕೆಂಡು ಆಗಿರಬಹುದು; ಹೊಗೆಯ ಒಳಗಿನಿಂದ ಆ ಸದ್ದು ಕೇಳಿತು. ಟಣ್ ಟಣ್ ಟಣ್. ಕಬ್ಬಿಣದ ಬಾಗಿಲನ್ನು ಒಳಗಿನಿಂದ ಯಾರೋ ಬಡಿಯುತ್ತಿರುವ ಹಾಗೆ. ಎಂಜಿನ್ನಿನ ತಳದ ಬೇರಿಂಗು ಹೋಗಿದೆ. ಇದಕ್ಕಿಂತ ಆಚೆಗೆ ಔಷಧವಿಲ್ಲ.

ನಾನು ಕೀಲಿಗೆ ಕೈ ಹಾಕುವ ಮೊದಲೇ ಕಿಟಕಿಯಿಂದ ನಿಧಾನಣ್ಣನ ದನಿ ಬಂತು. ಅರ್ಧ ನಾಲಿಗೆಯಲ್ಲಿ ಅಷ್ಟು ಸ್ಪಷ್ಟವಾಗಿ ಅವರು ಮಾತಾಡಿದ್ದನ್ನು ನಾನು ಮತ್ತೆ ಕೇಳಿಲ್ಲ.

"ನಿಲ್ಸು. ಸಾಕು."

ನಿಲ್ಲಿಸಿದೆ.

"ಯಾಕೆ ನಿಲ್ಸಿದ್ರಿ?" ಎಂದರು ಅತ್ತಿಗೆ. "ಆಯ್ತಲ್ಲ. ಸ್ಟಾರ್ಟ್ ಆಯ್ತಲ್ಲ."

"ಆಗಿದ್ದು ನಿಜ. ಗೇಟಿನ ತನಕ ಹೋಗಲ್ಲ ಅತ್ತಿಗೆ."

"ಗುಮಾಸ್ತ ಬಂದಾಗ ಹೀಗೇ ಹತ್ತು ಸೆಕೆಂಡು..."

"ಆಮೇಲೆ ಮಕ್ಕಳನ್ನ ಕೂರಿಸ್ಕೊಂಡು ರಸ್ತೆ ನಡುವೆ ನಿಂತ್ರೆ?"

ಅವರು ಕಾರಿನ ಹಿಂದೆ ಹೋಗಿ ನಿಂತರು. ಕಂಡಕ್ಟರ್ ಗೋಡೆಯ ಮೇಲಿಂದ ತಲೆ ಇಳಿಸಿದರು, ಅವತ್ತು ಮತ್ತೆ ಎತ್ತಲಿಲ್ಲ.

"ಬಿಚ್ಚಿ ಕಟ್ಟೋಕೆ ಎಷ್ಟು?" ಎಂದು ಅತ್ತಿಗೆ ಕೇಳಿದರು.

"ಸಾಮಾನು, ಸಿಲಿಂಡರ್ ಕೊರೆಸೋದು ಸೇರಿ ಮೂವತ್ತೈದು ಸಾವಿರ. ನನ್ನ ಕೂಲಿ ಬಿಟ್ಟು. ಹಳೇ ಎಂಜಿನ್ ಒಂದು ಹುಡುಕಿ ಹಾಕಿದ್ರೆ ಇಪ್ಪತ್ತೈದು. ದುಡ್ಡು ನಾನು ಹಾಕ್ತೀನಿ."

"ನೀವ್ಯಾಕೆ ಹಾಕ್ತೀರಿ?"

ಆಗ ಹೇಳಿದೆ. ನಿಂತ ಕಾಲಿನಲ್ಲೇ, ಕೈಯಲ್ಲಿದ್ದ ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಾ ಹೇಳಿದೆ. ಸಂದು ಬಿಟ್ಟಿರಲಿಲ್ಲ. ಆ ನೀರು ಐದು ನಿಮಿಷದ ನೀರು. ಅರ್ಧ ಗಂಟೆ ಬಿಡಬೇಕಿತ್ತು, ಇಲ್ಲವೇ ಮುಟ್ಟಲೇಬಾರದಿತ್ತು. ಐದು ನಿಮಿಷ ಅಂದದ್ದು ನಾನು. ಮಾರಬೇಡಿ ಅಂದದ್ದೂ ನಾನೇ. ಅವತ್ತು ಮಾರಿದ್ದರೆ ಕಮ್ಮಿಯೆಂದರೂ ಒಂದೂವರೆ ಲಕ್ಷ ಬರುತ್ತಿತ್ತು.

ಅತ್ತಿಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಸ್ವಲ್ಪ ಹೊತ್ತು ಕಾರಿನ ಹಿಂದಿನ ಗಾಜನ್ನು ಸೆರಗಿನಿಂದ ಒರೆಸಿದರು, ಅಲ್ಲಿ ಒರೆಸುವಂಥದ್ದೇನೂ ಇರಲಿಲ್ಲ.

"ಅರ್ಧ ಗಂಟೆ ಅಂದಿದ್ರೆ ಅರ್ಧ ಗಂಟೇನೇ ಬಿಡ್ತಿದ್ದೆ ಮೇಸ್ತ್ರಿಯವರೇ" ಎಂದರು.

"ಗೊತ್ತು."

"ಒಂದ್ಸಲ ನೀವು ಬಂದು ನೋಡಿದ್ರೂ ಆಗ್ತಿತ್ತು."

ನಾಲ್ಕು ವರ್ಷದಲ್ಲಿ ನಿಧಾನಣ್ಣನನ್ನು ನೋಡಲು ಎಂಟೋ ಹತ್ತೋ ಸಲ ಬಂದಿದ್ದೆ. ಶೆಡ್ಡಿನ ಪಕ್ಕದಲ್ಲೇ ಹಾದು ಒಳಗೆ ಹೋಗಿದ್ದೆ. ಒಂದು ಸಲ ಬಾನೆಟ್ ಎತ್ತಿ ಆಯಿಲ್ ಕಡ್ಡಿ ಎಳೆದಿದ್ದರೆ ಸಾಕಿತ್ತು, ಅರ್ಧ ನಿಮಿಷದ ಕೆಲಸ.

"ಇವರಿಗೆ ಹೇಳ್ಬೇಡಿ" ಎಂದು ದನಿ ತಗ್ಗಿಸಿದರು. "ಭಾನುವಾರದ ಆ ಸದ್ದು ಕೇಳಿದ್ರೆ ಅವರಿಗೆ ತಾನೂ ಏನೋ ಒಂದು ಕೆಲಸ ಮಾಡಿದ ಹಾಗಿರ್ತಿತ್ತು. ಅದೇ ಹಾಳು ಮಾಡ್ತು ಅಂತ ಗೊತ್ತಾಗೋದು ಬೇಡ."

ನಿಧಾನಣ್ಣನಿಗೆ ಶುಕ್ರವಾರವೇ ಗೊತ್ತಾಗಿತ್ತು ಎಂದು ನಾನು ಹೇಳಲಿಲ್ಲ. ಕಿಟಕಿಯ ಕಡೆ ನೋಡಿದೆ. ಅವರು ಮುಖ ಗೋಡೆಯ ಕಡೆ ತಿರುಗಿಸಿಕೊಂಡಿದ್ದರು. ತಿರುಗಿಸಿಕೊಳ್ಳಲು ಅವರಿಗೆ ಆಗುವುದು ಮುಖವೊಂದನ್ನೇ.

ನಾನೇ ಶಾಲೆಯ ಗುಮಾಸ್ತನಿಗೆ ಫೋನು ಮಾಡಿದೆ. ಹದಿನೈದು ದಿನ ಕೊಡಿ, ಎಂಜಿನ್ ಬದಲಿಸಿ ನಾನೇ ಜವಾಬ್ದಾರಿ ತೆಗೆದುಕೊಳ್ಳುತ್ತೇನೆ ಎಂದೆ. ಕೆಟ್ಟ ಮನುಷ್ಯನಲ್ಲ, ಪೂರ್ತಿ ಕೇಳಿಸಿಕೊಂಡ.

"ಸೋಮವಾರ ಬೆಳಿಗ್ಗೆ ಹನ್ನೊಂದು ಮಕ್ಕಳು ಬ್ಯಾಗ್ ಹಾಕ್ಕೊಂಡು ಬಾಗಿಲಲ್ಲಿ ನಿಂತಿರ್ತಾರೆ. ಅವರಪ್ಪ ಅಮ್ಮಂದಿರಿಗೆ ನಾನು ಎಂಜಿನ್ ಕಥೆ ಹೇಳ್ಲಾ ಮೇಸ್ತ್ರಿ? ವ್ಯಾನಿನವನೊಬ್ಬ ಎರಡು ವಾರದಿಂದ ಕಾಲು ಹಿಡೀತಿದಾನೆ. ಆ ತಾಯಿ ಕಷ್ಟ ನೋಡಿ ಅವನಿಗೆ ಇಲ್ಲ ಅಂದಿದ್ದೆ" ಎಂದ. ಗಾಡಿ ಗೊತ್ತುಮಾಡುವುದು ವರ್ಷಕ್ಕೊಂದೇ ಸಲ. ವ್ಯಾನಿನವನಿಗೆ ಕೊಟ್ಟರು.

ಅದಕ್ಕೆ ಮೊದಲೇ, ಬಾಡಿಗೆಗಾದರೂ ಒಂದು ಕಾರು ಸಿಗುತ್ತದೆಯೇ ಎಂದು ಅವತ್ತೇ ಆರು ಜನರನ್ನು ಕೇಳಿದ್ದೆ. ಹೊಸದಾಗಿ ಲೈಸೆನ್ಸ್ ತೆಗೆದ ಹೆಂಗಸಿನ ಕೈಗೆ ಎಂದ ಕೂಡಲೇ ಆರೂ ಜನರ ಗಾಡಿಗೂ ಎಲ್ಲೆಲ್ಲಿಂದಲೋ ಕೆಲಸ ಬಂತು. ಆದರೂ ಎಂಜಿನ್ ಹಾಕಿಸಿ ಇಡೋಣ, ಮುಂದಿನ ವರ್ಷಕ್ಕಾದರೂ ಆದೀತು ಎಂದು ಭಾನುವಾರ ಮತ್ತೆ ಹೋಗಿ ಹೇಳಿದೆ.

"ಬೇಡ" ಎಂದರು ಅತ್ತಿಗೆ. "ಮುಂದಿನ ವರ್ಷದ ತನಕ ಅದನ್ನ ಯಾರು ನೋಡ್ಕೋತಾರೆ? ಮತ್ತೆ ವಾರಕ್ಕೊಂದ್ಸಲ ಸ್ಟಾರ್ಟ್ ಮಾಡ್ಕೊಂಡು ಕೂರ್ಲಾ? ತಗೊಂಡು ಹೋಗೋರಿಗೆ ಹೇಳಿ."

ಬುಧವಾರ ಗುಜರಿಯವನು ಬಂದ. ಹೊರಗಿನ ಮೈ ನೋಡಿ ಬೆರಗಾದ, ಒಳಗನ್ನು ಕೇಳಿ ಹದಿನಾರು ಸಾವಿರ ಎಂದ. ನಾನು ಚೌಕಾಸಿ ಮಾಡಿ ಹದಿನೇಳಕ್ಕೆ ಏರಿಸಿದೆ. ಲಾರಿಗೆ ಎಳೆಯುವಾಗ ಅತ್ತಿಗೆ ಮನೆಯಲ್ಲಿರಲಿಲ್ಲ. ಲಾಂಡ್ರಿಗೆ ಹೋಗಿದ್ದರು. ಮಾಲೀಕ ವಾಪಸ್ಸು ತೆಗೆದುಕೊಂಡಿದ್ದ. ಆದರೆ ಅವರ ಜಾಗಕ್ಕೆ ಆಗಲೇ ಇನ್ನೊಬ್ಬಳು ಬಂದಿದ್ದರಿಂದ ಹಿಂದಿನ ಕೋಣೆಯಲ್ಲಿ, ಹಬೆಯ ಯಂತ್ರದ ಮುಂದೆ ನಿಲ್ಲಿಸಿದ, ಸಂಬಳದಲ್ಲಿ ಐನೂರು ಕಡಿಮೆ ಮಾಡಿ. ಲಾರಿ ಹೋಗುವಷ್ಟು ಹೊತ್ತೂ ನಾನು ನಿಧಾನಣ್ಣನ ಹತ್ತಿರ ಕುಳಿತಿದ್ದೆ.

ಬ್ಯಾಟರಿಯನ್ನು ನಾನು ಕೊಟ್ಟ ಬೆಲೆಗೇ ವಾಪಸ್ಸು ಕೊಂಡೆ. ಆಯಿಲು, ಪ್ಲಗ್ಗಿನ ದುಡ್ಡನ್ನೂ ಕೊಟ್ಟೆ. ಅತ್ತಿಗೆ ಬೇಡವೆನ್ನದೆ ತೆಗೆದುಕೊಂಡರು, ಅದು ನನಗೆ ಸಮಾಧಾನವಾಯಿತು. ಕಾರಿನಿಂದ ಬಂದದ್ದರಲ್ಲಿ ಒಂಬತ್ತು ಸಾವಿರ ಕೊಟ್ಟು ಗಾಳಿ ತುಂಬುವ ಹಾಸಿಗೆ ತಂದರು. ಒಂದು ಹುಣ್ಣು ಒಣಗುತ್ತಿದೆ. ಇನ್ನೊಂದು ಹಾಗೇ ಇದೆ. ನಾನು ಮಧ್ಯಾಹ್ನ ಅಂಗಡಿ ಮುಚ್ಚಿ ಒಂದು ಸಲ ಹೋಗಿ ಮಗ್ಗುಲು ಬದಲಿಸಿ ಬರುತ್ತೇನೆ. ಬೇಕಾದದ್ದು ಆರು ಸಲ. ಶೆಡ್ಡಿನಲ್ಲಿ ಈಗ ಅತ್ತಿಗೆ ಬಟ್ಟೆ ಒಣಹಾಕುತ್ತಾರೆ. ಒಂಬತ್ತರಿಂದ ಮೂರರವರೆಗಿನ ಆರು ಗಂಟೆ ಅವರಿಬ್ಬರಿಗೂ ಒಟ್ಟಿಗೆ ಸಿಗಬೇಕಾಗಿತ್ತು. ಅದು ಸಿಗಲಿಲ್ಲ, ಇನ್ನು ಸಿಗುವ ದಾರಿಯೂ ನನಗೆ ಕಾಣುತ್ತಿಲ್ಲ.